ವೃದ್ಧರ ಆರೈಕೆ ಕೇಂದ್ರಕ್ಕೆ ಹೊಸದಾಗಿ ಸೇರಿದ್ದೇನೆ, ರಾತ್ರಿ ಪಾಳಿ ಎಂದರೆ ಭಯ. ಹಿರಿಯ ನರ್ಸ್‌ಗಳು ದಾರಿ ಹೇಳಿ

ಪ್ರಶ್ನೆ:
ಬಳಗದ ಹಿರಿಯರಿಗೆ ನಮಸ್ಕಾರ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಆದ ಮೇಲೆ ಬೆಂಗಳೂರಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದೇನೆ. ಓದುವಾಗ ವಾರ್ಡಿನಲ್ಲಿ ಸಂಶಯ ಬಂದರೆ ಕೇಳಲು ಯಾರಾದರೂ ಇರುತ್ತಿದ್ದರು. ಇಲ್ಲಿ ರಾತ್ರಿ ಒಂದು ಮಹಡಿಗೆ ನಾನೊಬ್ಬಳೇ ನರ್ಸ್, ಜೊತೆಗೆ ಇಬ್ಬರು ಆಯಾಗಳು. ವೈದ್ಯರು ವಾರಕ್ಕೆ ಎರಡು ಸಲ ಬರುತ್ತಾರೆ, ಉಳಿದ ಹೊತ್ತಿನಲ್ಲಿ ಎಲ್ಲವೂ ಫೋನಿನಲ್ಲೇ.

ಮೊನ್ನೆ ಒಬ್ಬ ಅಜ್ಜಿ ಸಂಜೆಯಿಂದ ಮಂಕಾಗಿದ್ದರು. ಜ್ವರವಿರಲಿಲ್ಲ, ಬಿ.ಪಿ., ಸಕ್ಕರೆ ಎಲ್ಲ ಸರಿಯಿತ್ತು. ವೈದ್ಯರಿಗೆ ಹೇಳಿದರೆ "ವಯಸ್ಸಾಗಿದೆಯಲ್ಲ, ಬೆಳಿಗ್ಗೆ ನೋಡೋಣ" ಎಂದರು. ರಾತ್ರಿಯಿಡೀ ನನ್ನ ಜೀವ ಕೈಯಲ್ಲಿತ್ತು. ಇನ್ನೊಂದು ಕಡೆ, ನಾನು ಹುಟ್ಟುವ ಮೊದಲೇ ಕೆಲಸಕ್ಕೆ ಸೇರಿದ ಆಯಾಗೆ ಏನಾದರೂ ಹೇಳಲು ಹೋದರೆ "ನಮಗೂ ತಿಳಿಯುತ್ತದೆ ಸಿಸ್ಟರ್" ಎಂದು ಮುಖ ತಿರುಗಿಸುತ್ತಾರೆ. ಐಸಿಯುಗೆ ಸೇರಿದ ಗೆಳತಿಯರು "ಅಲ್ಲಿ ಕಲಿತದ್ದೆಲ್ಲ ಮರೆತುಹೋಗುತ್ತದೆ, ಬಿಟ್ಟು ಬಾ" ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ (ಹಿರಿಯ ನರ್ಸ್, ವೃದ್ಧರ ಆರೈಕೆ ವಿಭಾಗ):
ತಂಗಿ, ಮೊದಲು ಆ ಅಜ್ಜಿಯ ವಿಷಯಕ್ಕೇ ಬರುತ್ತೇನೆ, ಏಕೆಂದರೆ ನಿನ್ನ ಮನಸ್ಸು ಸರಿಯಾದ ಕಡೆಗೇ ಎಳೆದಿದೆ. ಒಂದು ಸಂಜೆಯಲ್ಲಿ ಬಂದ ಮಂಕುತನಕ್ಕೆ ವಯಸ್ಸು ಕಾರಣವಲ್ಲ. ವಯಸ್ಸು ಒಂದೇ ಸಂಜೆಯಲ್ಲಿ ಆಗುವುದಿಲ್ಲ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬಂದು, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗುವ ಗೊಂದಲವನ್ನು ಡೆಲಿರಿಯಂ ಎಂದು ನೀನು ಓದಿದ್ದೀಯೆ. ಕೂಗಾಡಿ, ಟ್ಯೂಬ್ ಕಿತ್ತು ಹಾಕುವವರನ್ನು ಎಲ್ಲರೂ ಗಮನಿಸುತ್ತಾರೆ. ಸುಮ್ಮನೆ ಮಂಕಾಗಿ ಮಲಗುವವರನ್ನು "ಇವತ್ತು ಪಾಪ ಸಮಾಧಾನವಾಗಿದ್ದಾರೆ" ಎಂದು ಬಿಟ್ಟುಬಿಡುತ್ತಾರೆ. ಅಪಾಯವಿರುವುದೇ ಅಲ್ಲಿ. ಮೂತ್ರದ ಸೋಂಕು, ನ್ಯುಮೋನಿಯಾ, ಮೂತ್ರ ಕಟ್ಟಿಕೊಂಡಿರುವುದು, ಮಲಬದ್ಧತೆ, ನೀರಿನಂಶ ಅಥವಾ ಸೋಡಿಯಂ ಇಳಿದಿರುವುದು, ಹೊಸದಾಗಿ ಕೊಟ್ಟ ನಿದ್ದೆ ಮಾತ್ರೆ, ಹೇಳಿಕೊಳ್ಳಲಾಗದ ನೋವು, ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಏರದೆ ಇರುವುದುಂಟು, ಆದ್ದರಿಂದ ಥರ್ಮಾಮೀಟರ್ ಸರಿ ತೋರಿಸಿತೆಂದು ನಿಶ್ಚಿಂತೆಯಿಂದ ಇರಬೇಡ.

ವೈದ್ಯರಿಗೆ ಫೋನ್ ಮಾಡುವಾಗ "ಮಂಕಾಗಿದ್ದಾರೆ" ಎಂದರೆ ನಿದ್ದೆಗಣ್ಣಿನಲ್ಲಿರುವ ಅವರಿಗೆ ಏನೂ ಕಾಣುವುದಿಲ್ಲ. ಹೀಗೆ ಹೇಳು: "ನಿನ್ನೆಯವರೆಗೆ ತಾವೇ ಕಲಸಿಕೊಂಡು ಊಟ ಮಾಡುತ್ತಿದ್ದರು. ಇಂದು ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕುಳಿತಿದ್ದಾರೆ. ಮಧ್ಯಾಹ್ನದಿಂದ ಡೈಪರ್ ಒಣಗಿದೆ. ಉಸಿರಾಟ ನಿಮಿಷಕ್ಕೆ 26. ಸೋಮವಾರದಿಂದ ನಿದ್ದೆ ಮಾತ್ರೆ ಹೊಸದಾಗಿ ಶುರುವಾಗಿದೆ. ಇದು ಬೆಳಗಿನವರೆಗೆ ಕಾಯುವಂಥದ್ದಲ್ಲ ಎಂದು ನನಗೆ ಅನ್ನಿಸುತ್ತಿದೆ." ಕೊನೆಯ ವಾಕ್ಯವನ್ನು ನುಂಗಿಕೊಳ್ಳಬೇಡ, ಅದನ್ನು ಹೇಳುವ ಅಧಿಕಾರ ನಿನಗಿದೆ. ಅವರು ಕಾಯೋಣ ಎಂದರೆ "ಏನು ಕಂಡರೆ ಮತ್ತೆ ಫೋನ್ ಮಾಡಲಿ?" ಎಂದು ಕೇಳಿ, ಹೊತ್ತಿನ ಸಮೇತ ಅವರ ಮಾತನ್ನು ಬರೆದಿಡು. ಆದರೂ ಸಮಾಧಾನವಾಗದಿದ್ದರೆ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡು. ತಟ್ಟಿ ಎಬ್ಬಿಸಿದರೂ ಎಚ್ಚರಗೊಳ್ಳದಿದ್ದರೆ, ಉಸಿರಾಟಕ್ಕೆ ಕಷ್ಟಪಡುತ್ತಿದ್ದರೆ ಯಾರ ಅಪ್ಪಣೆಗೂ ಕಾಯದೆ 108ಕ್ಕೆ ಕರೆ ಮಾಡು.

ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸು. ಮಹಡಿಯಲ್ಲಿರುವ ಎಲ್ಲರ ಚಾರ್ಟಿನಲ್ಲೂ ಎಣಿಸದೆ 20 ಎಂದೇ ಬರೆದಿರುವುದನ್ನು ನೋಡಿದಾಗಲೆಲ್ಲ ನನಗೆ ಕೋಪ ಬರುತ್ತದೆ. ಎದೆಯ ಸೋಂಕು ಬಹಳ ಸಲ ಮೊದಲು ತೋರುವುದು ಆ ಅಂಕಿಯಲ್ಲೇ.

ಆಸ್ಪತ್ರೆಗೂ ಇಲ್ಲಿಗೂ ಇರುವ ನಿಜವಾದ ವ್ಯತ್ಯಾಸ ಇದು: ಅಲ್ಲಿ ರೋಗಿ ಬರುತ್ತಾನೆ, ಹೋಗುತ್ತಾನೆ. ಇಲ್ಲಿ ಅದೇ ಮುಖಗಳು ವರ್ಷಗಟ್ಟಲೆ ಇರುತ್ತವೆ, ಅವುಗಳಲ್ಲಿ ಆದ ಬದಲಾವಣೆಯನ್ನು ಹಿಡಿಯಬೇಕಾದವಳು ನೀನು. ಪ್ರತಿಯೊಬ್ಬರ ದಿನನಿತ್ಯದ ರೀತಿ ಗೊತ್ತಿಲ್ಲದಿದ್ದರೆ ಬದಲಾವಣೆ ಗೊತ್ತಾಗುವುದಾದರೂ ಹೇಗೆ? ಎಷ್ಟು ಇಡ್ಲಿ ತಿನ್ನುತ್ತಾರೆ, ಶೌಚಾಲಯಕ್ಕೆ ಯಾರ ಕೈ ಹಿಡಿದು ಹೋಗುತ್ತಾರೆ, ಯಾವ ಹೊತ್ತಿಗೆ ಮಗನನ್ನು ಕೇಳುತ್ತಾರೆ, ಒಂದು ಸಣ್ಣ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದು ಪುಟ ಇಟ್ಟು ಬರೆದುಕೊ. ಆ ಪುಸ್ತಕ ಕೇಂದ್ರದಲ್ಲೇ ಇರಲಿ, ಮನೆಗೆ ಒಯ್ಯಬೇಡ, ಮೊಬೈಲಿನಲ್ಲಿ ಫೋಟೊ ತೆಗೆಯಬೇಡ.

ಈ ಪುಟಗಳನ್ನು ತುಂಬಿಸಬಲ್ಲವರು ನಿನ್ನ ಆಯಾ. ಸ್ನಾನ ಮಾಡಿಸುವವರು, ಡೈಪರ್ ಬದಲಿಸುವವರು, ಬೆನ್ನಿನ ಚರ್ಮವನ್ನು ದಿನವೂ ನೋಡುವವರು ಅವರು. ಪಾಳಿ ಶುರುವಾದಾಗ ಕೆಲಸ ಹೇಳುವ ಮೊದಲು "ಅಮ್ಮಾ, ಇವತ್ತು ಯಾರಲ್ಲಾದರೂ ವ್ಯತ್ಯಾಸ ಕಂಡಿರಾ?" ಎಂದು ಕೇಳು. ಅವರು ಹೇಳಿದ್ದನ್ನು ಅವರ ಕಣ್ಣೆದುರೇ ಬರೆದುಕೊ. ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸುವಾಗ ಕುರ್ಚಿಯಿಂದ ಎದ್ದು ಹೋಗಿ ಚಾದರದ ಇನ್ನೊಂದು ತುದಿ ಹಿಡಿ. ಎಳೆಯದೆ ಎತ್ತಿ ಸರಿಸುವುದನ್ನು ಹಾಗೆ ತೋರಿಸಬಹುದು, ಉಪದೇಶ ಬೇಕಾಗುವುದಿಲ್ಲ.

ಬೆಡ್‌ಸೋರ್ (ಮಲಗಿದಲ್ಲೇ ಒತ್ತಡದಿಂದ ಆಗುವ ಹುಣ್ಣು) ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಕೆಂಪು ಕಂಡರೆ ಬೆರಳಿನಿಂದ ಒತ್ತಿ ನೋಡು. ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ ಮೊದಲ ಹಂತ ಆಗಲೇ ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸುಲಭವಾಗಿ ಕಾಣಿಸುವುದಿಲ್ಲ, ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದರೆ ನೋಯುತ್ತದೆಯೇ ನೋಡಬೇಕು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕುವುದನ್ನು ನಿಲ್ಲಿಸು. ಗ್ಲೌಸಿಗೆ ನೀರು ತುಂಬಿ ಹಿಮ್ಮಡಿಯ ಕೆಳಗೆ ಇಡುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ, ಅದರಿಂದ ಒತ್ತಡ ಕಡಿಮೆಯಾಗುವುದಿಲ್ಲ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ಹೊತ್ತನ್ನು ಆಗಲೇ ಬರೆ. ಬೆಳಿಗ್ಗೆ ಒಟ್ಟಿಗೆ ತುಂಬಿಸಿದ ಚಾರ್ಟಿನಿಂದ ರೋಗಿಗೂ ಉಪಯೋಗವಿಲ್ಲ, ನಿನಗೂ ರಕ್ಷಣೆಯಿಲ್ಲ.

ಗೆಳತಿಯರ ಮಾತಿಗೆ ಉತ್ತರ: ಐಸಿಯುನಲ್ಲಿ ಮಾನಿಟರ್ ಕೂಗಿ ಎಚ್ಚರಿಸುತ್ತದೆ, ಇಲ್ಲಿ ನಿನ್ನ ಕಣ್ಣೇ ಎಚ್ಚರವಿರಬೇಕು. ಇಲ್ಲಿ ಒಂದು ವರ್ಷ ಮನಸ್ಸಿಟ್ಟು ದುಡಿದು ಆಮೇಲೆ ಬೇರೆ ಕಡೆ ಹೋಗಬೇಕೆನ್ನಿಸಿದರೆ ಹೋಗು. ಆದರೆ ಭಯದಿಂದ ಬಿಡಬೇಡ.

ಮರುಪ್ರಶ್ನೆ (ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿದ ಬ್ರದರ್, ಅಂದರೆ ಪುರುಷ ನರ್ಸ್, ಹುಬ್ಬಳ್ಳಿ):
ಅಕ್ಕಾ, ನಮ್ಮಲ್ಲಿ ರೈಲ್ಸ್ ಟ್ಯೂಬ್ (ಮೂಗಿನ ಮೂಲಕ ಹೊಟ್ಟೆಗೆ ಹಾಕುವ ಆಹಾರದ ನಳಿಕೆ) ಇರುವವರಿಗೆ ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಪುಡಿ ಮಾಡಿ ಕೊಡುತ್ತಾರೆ. ಇದು ಸರಿಯೇ?

ಉತ್ತರ:
ಸರಿಯಲ್ಲ, ತಮ್ಮ. ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಆರ್, ಸಿಆರ್ ಎಂದಿರುವ ಮಾತ್ರೆ ಹಲವು ಗಂಟೆಗಳ ಕಾಲ ನಿಧಾನವಾಗಿ ಕರಗಲು ಮಾಡಿದ್ದು. ಪುಡಿ ಮಾಡಿದರೆ ಇಡೀ ಡೋಸ್ ಒಮ್ಮೆಗೇ ಮೈಗೆ ಹೋಗುತ್ತದೆ. ಪ್ಯಾಂಟೊಪ್ರಜೋಲ್‌ನಂಥ ಲೇಪನವಿರುವ ಮಾತ್ರೆಯನ್ನೂ ಪುಡಿ ಮಾಡಬಾರದು. ದ್ರವರೂಪದ ಔಷಧ ಇದೆಯೇ ಎಂದು ವೈದ್ಯರನ್ನು, ಔಷಧಾಲಯದವರನ್ನು ಕೇಳಿ ಬದಲಿಸಿಕೊಳ್ಳಬೇಕು. ಪುಡಿ ಮಾಡಬಹುದಾದವನ್ನೂ ಒಂದೊಂದಾಗಿ ಕೊಟ್ಟು ನಡುನಡುವೆ ನೀರು ಹಾಯಿಸಬೇಕು. ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ, ಆಹಾರ ಕೊಟ್ಟ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೆಯೇ ಇರಲಿ. ಫೋನಿನಲ್ಲಿ ವೈದ್ಯರು ಔಷಧ ಬದಲಿಸಿದರೆ ಹೆಸರು, ಪ್ರಮಾಣ, ಹೊತ್ತು ಮೂರನ್ನೂ ಬರೆದುಕೊಂಡು ಅವರಿಗೇ ಓದಿ ಹೇಳು. ಮುಂದಿನ ಭೇಟಿಯಲ್ಲಿ ಸಹಿ ಮಾಡಿಸಿಕೊ.

ಮರುಪ್ರಶ್ನೆ (ಮೊದಲು ಕೇಳಿದವರು):
ತುಂಬಾ ಧನ್ಯವಾದ ಅಕ್ಕಾ. ಇನ್ನೊಂದು ವಿಷಯ. ಸೇರುವಾಗ ಅಂಕಪಟ್ಟಿ, ನೋಂದಣಿ ಪತ್ರಗಳ ಮೂಲಪ್ರತಿ ಕೇಳಿದ್ದಾರೆ. ಕೊಡಲೇ?

ಉತ್ತರ:
ಕೊಡಬೇಡ. ಮೂಲಪ್ರತಿ ತೋರಿಸು, ದೃಢೀಕರಿಸಿದ ನಕಲು ಕೊಡು. ಅವರ ಬೀರುವಿನಲ್ಲಿ ಮೂಲಪ್ರತಿ ಸಿಕ್ಕಿಕೊಂಡು ಒಳ್ಳೆಯ ಅವಕಾಶ ಕಳೆದುಕೊಂಡ ಹುಡುಗಿಯರನ್ನು ಕಂಡಿದ್ದೇನೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ರಾತ್ರಿ ಪಾಳಿ ಎಷ್ಟು, ವಾರದ ರಜೆ ಯಾವಾಗ, ಬಿಡುವಾಗ ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದನ್ನು ಮನೆಯಲ್ಲಿ ಕುಳಿತು ಓದು.

ಮರುಪ್ರಶ್ನೆ (ಇಂಥ ಕೇಂದ್ರವೊಂದರಲ್ಲಿ ತಾಯಿಯನ್ನು ಇರಿಸಿರುವ ಮಗಳು, ಮೈಸೂರು):
ಸಿಸ್ಟರ್, ನಾವು ಮನೆಯವರೂ ಓದುತ್ತಿದ್ದೇವೆ. ನಾವೇನು ಮಾಡಬಹುದು?

ಉತ್ತರ:
ನಿಮ್ಮ ತಾಯಿಯ ಬಗ್ಗೆ ಒಂದು ಪುಟ ಬರೆದು ಕೊಡಿ ತಾಯಿ. ಹಲ್ಲುಸೆಟ್ಟು, ಕನ್ನಡಕ, ಕಿವಿಯ ಯಂತ್ರ ಯಾವಾಗ ಬೇಕು, ಮನೆಯಲ್ಲಿ ಏನೆಂದು ಕರೆದರೆ ತಿರುಗಿ ನೋಡುತ್ತಾರೆ, ನೋವಾದರೆ ಹೇಗೆ ತೋರಿಸುತ್ತಾರೆ ಎಂಬುದೆಲ್ಲ ಇರಲಿ. ಭೇಟಿಗೆ ಬಂದಾಗ "ಇವತ್ತು ಅಮ್ಮ ಎಂದಿನಂತಿಲ್ಲ" ಎನ್ನಿಸಿದರೆ ಹೊರಡುವ ಮೊದಲೇ ಪಾಳಿಯ ನರ್ಸ್‌ಗೆ ಹೇಳಿ. ಚರ್ಮವನ್ನು ನೋಡಬೇಕು, ಮಗ್ಗುಲು ಬದಲಿಸಿದ ಚಾರ್ಟ್ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಸಿಬ್ಬಂದಿ ಸಾಲದು ಎನ್ನಿಸಿದರೆ ಆ ದೂರನ್ನು ಆಡಳಿತದವರಿಗೆ ಬರವಣಿಗೆಯಲ್ಲಿ ಕೊಡಿ. ಒಬ್ಬಳೇ ಇಡೀ ಮಹಡಿ ನೋಡುತ್ತಿರುವ ಹುಡುಗಿಯ ಮೇಲೆ ಕೂಗಿದರೆ ಅವಳ ಜೊತೆಗೆ ಇನ್ನೊಬ್ಬ ನರ್ಸ್ ಬರುವುದಿಲ್ಲ. ಮನೆಯವರ ಪತ್ರ ಹೋದರೆ ಆಡಳಿತದವರು ಉತ್ತರ ಕೊಡಲೇಬೇಕಾಗುತ್ತದೆ.