ಮಕ್ಕಳ ಕ್ಯಾನ್ಸರ್: ಕೀಮೋ ಜೊತೆ ಶಾಖ ಕೊಟ್ಟರೆ ಉಪಯೋಗ ಇದೆಯಾ?

ಪ್ರಶ್ನೆ: ಸೋದರಮಾವ, ಶಿವಮೊಗ್ಗ
ಅಕ್ಕನ ಮಗಳಿಗೆ ನಾಲ್ಕು ವರ್ಷ. ಬೆನ್ನುಮೂಳೆಯ ಬುಡದಲ್ಲಿ ಜರ್ಮ್ ಸೆಲ್ ಗೆಡ್ಡೆ (ಅಂಡ, ವೀರ್ಯಾಣು ಆಗಬೇಕಾದ ಮೂಲಕೋಶಗಳಿಂದ ಹುಟ್ಟುವ ಕ್ಯಾನ್ಸರ್). ಆಪರೇಷನ್, ಕೀಮೋ ಎಲ್ಲ ಆಗಿತ್ತು, ಈಗ ಎಎಫ್‌ಪಿ (ಈ ಗೆಡ್ಡೆಯ ಸುಳಿವು ಕೊಡುವ, ರಕ್ತದಲ್ಲಿನ ಪ್ರೋಟೀನ್) ಮತ್ತೆ ಏರಿದೆ. ಜರ್ಮನಿಯಲ್ಲಿ ಕೀಮೋ ಜೊತೆ ಶಾಖವನ್ನೂ ಕೊಡುತ್ತಾರಂತೆ, ನಿಜವಾ? ಇದನ್ನು ಕೇಳಿದ್ದೇ ತಡ, ಅಮ್ಮ ಬಿಸಿನೀರಿನ ಚೀಲ ತರಿಸಿದ್ದಾರೆ.

ಉತ್ತರ: ಮಂಗಳೂರಿನ ನರ್ಸ್, ಈಗ ಜರ್ಮನಿ
ಸರ್, ಮೊದಲು ಆ ಚೀಲ ಎತ್ತಿಡಿ. ಮಗುವಿನ ಚರ್ಮ ಸುಟ್ಟೀತೇ ಹೊರತು ಆಳದ ಗೆಡ್ಡೆಗೆ ಆ ಬಿಸಿ ತಲುಪುವುದಿಲ್ಲ.

ನೀವು ಕೇಳಿದ ಸುದ್ದಿ ಸುಳ್ಳಲ್ಲ. ಡ್ಯುಸೆಲ್‌ಡಾರ್ಫ್‌ನ ಡಾ. ವೆಸಲೋವ್ಸ್ಕಿ ತಂಡ, ಇಂಥದೇ ಗೆಡ್ಡೆ ಮರುಕಳಿಸಿದ ಅಥವಾ ಕೀಮೋಗೆ ಬಗ್ಗದ 44 ಮಕ್ಕಳು, ಹದಿಹರೆಯದವರ ಫಲಿತಾಂಶವನ್ನು 2013ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿತು. ಕೊಟ್ಟಿದ್ದು ಮೂರು ಕೀಮೋ ಔಷಧ: ಸಿಸ್‌ಪ್ಲಾಟಿನ್, ಎಟೊಪೊಸೈಡ್, ಐಫೊಸ್ಫಮೈಡ್. ಜೊತೆಗೆ ಗೆಡ್ಡೆಯ ಜಾಗಕ್ಕೆ ಒಂದು ಗಂಟೆ 41ರಿಂದ 43 ಡಿಗ್ರಿ ಸೆಲ್ಸಿಯಸ್ ಶಾಖ. ಅಳೆದು ನೋಡಲು ಸಾಧ್ಯವಾದ 35 ಮಂದಿಯಲ್ಲಿ 30 ಮಂದಿಗೆ ಗೆಡ್ಡೆ ಮಾಯವಾಯಿತು ಇಲ್ಲವೇ ಕುಗ್ಗಿತು. ಐದು ವರ್ಷ ಬದುಕಿದವರ ಪ್ರಮಾಣ ಶೇ. 72. ಮರುಕಳಿಸಿದ ಕಾಯಿಲೆಗೆ ಇದು ಸಣ್ಣ ಮಾತಲ್ಲ. ಆದರೆ ಶಾಖವಿಲ್ಲದೆ ಬರೀ ಕೀಮೋ ಕೊಟ್ಟ ಇನ್ನೊಂದು ಗುಂಪು ಅಲ್ಲಿರಲಿಲ್ಲ, ಉಳಿದ ಗೆಡ್ಡೆಗೆ ಆಪರೇಷನ್ನೂ ಇತ್ತು. ಇದರಲ್ಲಿ ಶಾಖದ ಪಾಲೆಷ್ಟು ಅಂತ ಬಿಡಿಸಿ ಹೇಳಲಾಗದು.

ಶಾಖದಿಂದ ಸಿಸ್‌ಪ್ಲಾಟಿನ್ ಜೀವಕೋಶದೊಳಗೆ ಹೆಚ್ಚು ನುಗ್ಗುತ್ತದೆ. ಪೆಟ್ಟಾದ ಡಿಎನ್‌ಎ ರಿಪೇರಿಯೂ ನಿಧಾನವಾಗುತ್ತದೆ. ಅದಕ್ಕೇ ಔಷಧ ಕೊಡುವ ಹೊತ್ತಿಗೇ ಶಾಖ ಕೊಡಬೇಕು. ದಿನಾ ಕೊಟ್ಟರೆ ಪ್ರಯೋಜನವಿಲ್ಲ: ಒಮ್ಮೆ ಕಾದ ಕೋಶ ತನ್ನನ್ನು ಕಾಯುವ ಪ್ರೋಟೀನ್ ತಯಾರಿಸಿಕೊಂಡು ಕೆಲವು ದಿನ ಬಿಸಿಗೆ ಜಗ್ಗುವುದಿಲ್ಲ.

ಶಾಖ ಕೊಡುವಾಗ ಮಗುವನ್ನು, ರೇಡಿಯೋ ತರಂಗದಿಂದ ಮೈಯ ಆಳಕ್ಕೆ ಬಿಸಿ ಮುಟ್ಟಿಸುವ ಆಂಟೆನಾಗಳ ಬಳೆಯೊಳಗೆ ಮಲಗಿಸುತ್ತಾರೆ. ಮೈಗೂ ಬಳೆಗೂ ನಡುವೆ ನೀರು ತುಂಬಿದ ಚೀಲ, ಚರ್ಮ ಸುಡದಂತೆ. ಎಳೆಯಂಥ ತಂತಿಗಳು ಒಳಗಿನ ಉಷ್ಣಾಂಶವನ್ನು ತೋರಿಸುತ್ತಲೇ ಇರುತ್ತವೆ.

ಸೋದರಮಾವ
ಅಕ್ಕ, ಚೀಲ ಅಟ್ಟ ಸೇರಿತು. ಡಾಕ್ಟರ ಹತ್ತಿರ ಏನು ಕೇಳಲಿ?

ಮಂಗಳೂರಿನ ನರ್ಸ್
ಮತ್ತೆ ಆಪರೇಷನ್ ಸಾಧ್ಯವಾ ಅನ್ನೋದೇ ಮೊದಲ ಪ್ರಶ್ನೆ. ಸಿಸ್‌ಪ್ಲಾಟಿನ್ ಕಿವಿ, ಕಿಡ್ನಿಗೆ ಪೆಟ್ಟು ಕೊಡಬಹುದು, ಎರಡೂ ಅದನ್ನು ತಾಳಬೇಕು. ಶ್ರವಣ ಪರೀಕ್ಷೆ ಆಗಿದೆಯಾ ಕೇಳಿ. ಯಾವುದಾದರೂ ಕ್ಲಿನಿಕ್ ‘ಕೀಮೋ ಬೇಡ, ಬರೀ ಶಾಖ ಸಾಕು’ ಅಂದರೆ ಅಲ್ಲಿಂದ ಎದ್ದು ಬನ್ನಿ, ದಯವಿಟ್ಟು. ಇನ್ನೊಂದು, ಅಮ್ಮನಿಗೂ ಹೇಳಿ: ಕೀಮೋ ನಡೆಯುವಾಗ ಮಗುವಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ದಾಟಿದರೆ ‘ಶಾಖ ಒಳ್ಳೆಯದೇ’ ಅಂತ ಕೂರಬೇಡಿ. ರಾತ್ರಿಯಾದರೂ ಸರಿ, ನೇರ ಆಸ್ಪತ್ರೆಗೆ ಹೋಗಿ.