ಚಾರ್ಲ್ಸ್‌ಟನ್‌ನಲ್ಲಿ ಎರಡು ದಿನ: ಅಮ್ಮನ ಊಟದ್ದೇ ಚಿಂತೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಶಾರ್ಲಟ್‌ನಲ್ಲಿ. ಮಂಡ್ಯದಿಂದ ಅಪ್ಪ ಅಮ್ಮ ಬಂದಿದ್ದಾರೆ. ಮುಂದಿನ ವಾರ ಕಾರಿನಲ್ಲಿ ಸೌತ್ ಕ್ಯಾರೊಲಿನಾದ ಕರಾವಳಿ ಊರು ಚಾರ್ಲ್ಸ್‌ಟನ್‌ಗೆ ಹೊರಟಿದ್ದೇವೆ, ಎರಡು ರಾತ್ರಿ ಅಲ್ಲೇ.

ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಆ ಊರಲ್ಲೋ ಎಲ್ಲಿ ನೋಡಿದರೂ ಸೀಗಡಿ, ಏಡಿ ಸೂಪು. ಗ್ರಿಟ್ಸ್ ಅಂದರೆ ಮೆಕ್ಕೆಜೋಳದ ರವೆಯ ಗಂಜಿ ಅಷ್ಟೇ, ಅದನ್ನು ಬೆಣ್ಣೆ ಹಾಕಿ ತಿಂದಾರು. ಹಾಪಿನ್ ಜಾನ್ ಕೂಡ ಅಲಸಂದೆ ಹಾಕಿದ ಅನ್ನವೇ, ಆದರೆ ಸಾಮಾನ್ಯವಾಗಿ ಹಂದಿಮಾಂಸ ಸೇರಿಸಿಯೇ ಬೇಯಿಸುತ್ತಾರೆ. ಸೊಪ್ಪಿನ ಕಥೆಯೂ ಅದೇ. ಹೋದ ಸಲ ನಾನು ಹೋಗಿದ್ದಾಗ ಒಂದು ಹೋಟೆಲಿನಲ್ಲಿ ವೆಜ್ ಅಂತಲೇ ಕೊಟ್ಟ ಸೊಪ್ಪಿನಲ್ಲಿ ಮಾಂಸದ ಚೂರು ಸಿಕ್ಕಿತ್ತು. ಅಮ್ಮನಿಗೆ ಹಾಗಾದರೆ ಪ್ರವಾಸ ಅಲ್ಲಿಗೇ ಮುಗೀತು! ಕೇಳಿದರೆ ಬೇರೆಯಾಗಿ ಮಾಡಿಕೊಡುವ ಜಾಗ ಯಾವುದಾದರೂ ಗೊತ್ತಾ? ಸುಮ್ನೆ ಪಿಜ್ಜಾ ತಿನ್ನಿ ಅನ್ನಬೇಡಿ, ಅದು ನಮ್ಮೂರಲ್ಲೂ ಇದೆ.

ಅಪ್ಪನದು ಭತ್ತ ಬೆಳೆಯುವ ಮನೆ. ಚಾರ್ಲ್ಸ್‌ಟನ್‌ನ ಸಿರಿತನ ಬಂದದ್ದೂ ಭತ್ತದಿಂದಲೇ, ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ತಂದವರ ದುಡಿಮೆಯಿಂದ. ಅದು ತಿಳಿದ ಮೇಲೆ ಬಣ್ಣಬಣ್ಣದ ರೇನ್‌ಬೋ ರೋ ಮನೆಗಳಿಗಿಂತ ಅವರಿಗೆ ಈ ಕಥೆಯೇ ಜಾಸ್ತಿ ಬೇಕಾಗಿದೆ. ಗುಲಾಮರನ್ನು ಹಡಗಿನಿಂದ ಇಳಿಸುತ್ತಿದ್ದ ಗ್ಯಾಡ್ಸ್‌ಡೆನ್ಸ್ ವಾರ್ಫ್‌ನಲ್ಲಿ 2023ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂಗೆ ಅರ್ಧ ದಿನ ಸಾಕಾ? ಗುಲಾಮರು ದುಡಿದ ಹಳೆಯ ತೋಟ ಮೆಕ್ಲಿಯಡ್ ಪ್ಲಾಂಟೇಶನ್ ನೋಡಿದವರಿದ್ದರೆ ಹೇಳಿ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದ, ಬಂದರಿನ ನೀರಿನ ನಡುವಿನ ಕೋಟೆ ಫೋರ್ಟ್ ಸಮ್ಟರ್‌ಗೂ ಹೋಗುವ ಆಸೆ. ಅಮ್ಮನಿಗೆ ಮಂಡಿನೋವು. ದೋಣಿ ಹತ್ತಿ ಇಳಿಯುವುದು ಕಷ್ಟವಾ? ಕೋಟೆಯೊಳಗೆ ಮೆಟ್ಟಿಲು ಎಷ್ಟಿವೆ?

ಹೋಗಿ ಬಂದವರು ದಯವಿಟ್ಟು ತಿಳಿಸಿ. ಗುರುವಾರದೊಳಗೆ ಟಿಕೆಟ್ ಮಾಡಿಸಬೇಕು.