‘ಟ್ರಾಮಾ’ ಲ್ಯಾಬಿನ ಬಾಗಿಲಿಗೆ ಕನ್ನಡ ಫಲಕ: ಗುರುವಾರದೊಳಗೆ ಪದ ಬೇಕು

ಲ್ಯಾಬಿನಕ್ಕ, ಸೋಮವಾರ ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ಅವಸರದಲ್ಲಿದ್ದೇನೆ, ನೇರವಾಗಿ ಕೇಳುತ್ತೇನೆ.

ಬೆಂಗಳೂರಿನ ಒಂದು ಸಂಶೋಧನಾ ಲ್ಯಾಬಿನಲ್ಲಿ ನನ್ನ ಕೆಲಸ. ಅಪಘಾತ, ಹಲ್ಲೆ, ನೆರೆ, ಚಿಕ್ಕಂದಿನಲ್ಲಿ ಮನೆಯೊಳಗೇ ತಿಂದ ಹೊಡೆತ, ಇಂಥವನ್ನು (ಇಂಗ್ಲಿಷಿನಲ್ಲಿ ‘ಟ್ರಾಮಾ’) ದಾಟಿ ಬಂದವರಲ್ಲಿ ಕೆಲವರ ಭಯ ಇಳಿಯುತ್ತದೆ, ಕೆಲವರದು ವರ್ಷಗಟ್ಟಲೆ ಇಳಿಯುವುದಿಲ್ಲ. ಮಿದುಳಿನಲ್ಲಿ ಏನು ವ್ಯತ್ಯಾಸ ಎಂದು ನೋಡುವ ಗುಂಪು ನಮ್ಮದು. ಹೊಸ ಕಟ್ಟಡಕ್ಕೆ ಹೋಗುತ್ತಿದ್ದೇವೆ. ಹೊರಗಿನ ಫಲಕವೂ ಒಳಗೆ ಯಾರು ಏನು ಎಂಬ ಪಟ್ಟಿಯೂ ಕನ್ನಡದಲ್ಲಿ ಆಗಬೇಕು. ಬೋರ್ಡ್ ಮಾಡುವವರು ಗುರುವಾರ ಬೆಳಿಗ್ಗೆ ಅಚ್ಚಿಗೆ ಹಾಕುತ್ತಾರೆ.

ಕಂಪ್ಯೂಟರ್ ಅನುವಾದ ಹೀಗೆ ಕೊಟ್ಟಿದೆ. ಲ್ಯಾಬಿನ ಹೆಸರು ‘ಆಘಾತ ನರವಿಜ್ಞಾನ ಪ್ರಯೋಗಾಲಯ’. ನಮ್ಮ ಮುಖ್ಯಸ್ಥೆ, ಅಂದರೆ ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್, ‘ಪ್ರಧಾನ ತನಿಖಾಧಿಕಾರಿ’. ಪೋಸ್ಟ್‌ಡಾಕ್ ಹುಡುಗಿ ‘ಸ್ನಾತಕೋತ್ತರ ಸಹವರ್ತಿ’ (ಪಿಎಚ್‌ಡಿ ಮುಗಿಸಿದವಳನ್ನು ಎಂ.ಎ.ಗೆ ಇಳಿಸಿದ್ದಕ್ಕೆ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ). ಅಧ್ಯಯನಕ್ಕೆ ಬರುವ ಜನ (ಇಂಗ್ಲಿಷಿನ ‘ಸಬ್ಜೆಕ್ಟ್ಸ್’) ‘ವಿಷಯಗಳು’. ನಾನು ‘ಸಮನ್ವಯಕಾರ’, ಗಂಡಸು.

ದಯವಿಟ್ಟು ಪದ ಕೊಡಿ. ವ್ಯುತ್ಪತ್ತಿ ಆಮೇಲೆ ಕೊಡಿ.

ಕಾಗುಣಿತ, ಸೋಮವಾರ 10:40

ಹಳೆಯ ಓಲೆಗಳಲ್ಲಿ ಹುಡುಕಿ. ಟ್ರಾಮಾ = ಆಘಾತ. ನಾಲ್ಕು ಸಲ ಚರ್ಚೆಯಾಗಿದೆ. ಮುಗಿಯಿತು.

ಲ್ಯಾಬಿನಕ್ಕ, ಸೋಮವಾರ 11:05

ಸರ್, ಮುಗಿದಿಲ್ಲ. ಹಳೆಯ ಕಟ್ಟಡದಲ್ಲಿ ‘ಆಘಾತ’ ಎಂದೇ ಕಾಗದ ಅಂಟಿಸಿದ್ದೆವು. ವಾರಕ್ಕೊಬ್ಬರಾದರೂ ಲಕ್ವ ಹೊಡೆದವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು, ಸ್ಕ್ಯಾನಿನ ದೊಡ್ಡ ಲಕೋಟೆ ಹಿಡಿದು ಬರುತ್ತಿದ್ದರು. ಪತ್ರಿಕೆಗಳಲ್ಲಿ ಸ್ಟ್ರೋಕಿಗೆ ‘ಮಿದುಳಿನ ಆಘಾತ’ ಎಂದೇ ಬರೆಯುತ್ತಾರಲ್ಲ. ಆಘಾತ, ನರ ಎರಡೂ ಒಂದೇ ಬೋರ್ಡಿನಲ್ಲಿದ್ದರೆ ಅವರು ಇನ್ನೇನು ತಿಳಿಯಬೇಕು? ಅವರನ್ನು ವಾಪಸು ಕಳಿಸುವುದು ನನ್ನ ಕೆಲಸ.

ಇನ್ನು ‘ತನಿಖಾಧಿಕಾರಿ’. ಪೊಲೀಸ್ ಠಾಣೆಯಲ್ಲಿ ಮೂರು ಸಲ ಹೇಳಿಕೆ ಕೊಟ್ಟು ಸೋತ ಹೆಂಗಸು ನಮ್ಮ ಬಾಗಿಲಿಗೆ ಬಂದಾಗ ಆ ಪದ ಓದಿಸಲೇ ನಾನು?

ಅಚ್ಚಗನ್ನಡಿಗ, ಸೋಮವಾರ 13:30

ಸಂಸ್ಕೃತದಿಂದ ಸಾಲ ತಂದರೆ ಹೀಗೇ ಆಗುವುದು. ಹೃದಯಾಘಾತ, ವಿದ್ಯುದಾಘಾತ, ಷೇರುಪೇಟೆಗೆ ಆಘಾತ, ಎಲ್ಲಕ್ಕೂ ಒಂದೇ ಕೋಲು. ಗ್ರೀಕರ ಟ್ರಾಮಾ ಎಂದರೆ ಗಾಯ ಅಷ್ಟೆ, ಅವರ ಮನೆಮಾತಿನ ಪದ. ನಾವೂ ಮನೆಮಾತಲ್ಲೇ ಹೇಳೋಣ: ‘ಮನಗಾಯದ ಮಿದುಳರಿಮೆ’. ನ್ಯೂರೋ ಎಂಬುದಕ್ಕೆ ನರ ಬೇಕೆಂದರೆ ಅದೂ ನಮ್ಮದೇ. ತಮಿಳಿನ ನರಂಬು, ತೆಲುಗಿನ ನರಮು ನೋಡಿ. ನರಬಲಿಯ ‘ನರ’ ಬೇರೆ, ಅದು ಸಂಸ್ಕೃತದ್ದು.

ಮೇಷ್ಟ್ರು, ಸೋಮವಾರ 14:10

ಅಚ್ಚಗನ್ನಡಿಗರೇ, ‘ಗಾಯ’ ಎಲ್ಲಿಂದ ಬಂತು ಎಂದು ನೋಡಿದ್ದೀರೋ? ‘ಘಾತ’ದ ತದ್ಭವ. ಆಘಾತವನ್ನು ಮುಂಬಾಗಿಲಿಂದ ಓಡಿಸಿ ಅದರ ತಮ್ಮನನ್ನು ಹಿತ್ತಿಲಿಂದ ಒಳಗೆ ಕರೆದಿದ್ದೀರಿ. ಎರಡೂ ‘ಹನ್’ ಧಾತುವಿನ ಮಕ್ಕಳು.

ಅಚ್ಚಗನ್ನಡಿಗ, ಸೋಮವಾರ 14:22

ತದ್ಭವ ಎಂದರೆ ಕನ್ನಡವಾಗಿ ಹೋದದ್ದು. ನಾಲಗೆ ಒಪ್ಪಿದೆ. ಆಘಾತವನ್ನು ನಾಲಗೆ ಒಪ್ಪಿಲ್ಲ, ಅರ್ಧ ನಾಡು ‘ಆಗಾತ’ ಎಂದೇ ನುಡಿಯುತ್ತದೆ.

ಪುತ್ತೂರಿನಿಂದ, ಸೋಮವಾರ 16:00

‘ಪ್ರಯೋಗಾಲಯ’ವನ್ನೂ ಸ್ವಲ್ಪ ನೋಡಿಕೊಳ್ಳಿ ಮಾರಾಯ್ರೆ. ನಮ್ಮಲ್ಲಿ ‘ಅವನಿಗೆ ಪ್ರಯೋಗ ಆಗಿದೆ’ ಎಂದರೆ ಯಾರೋ ಮಾಟ ಮಾಡಿಸಿದ್ದಾರೆ ಎಂದು. ಹೆದರಿದವರನ್ನು ಪ್ರಯೋಗದ ಆಲಯಕ್ಕೆ ಕರೆದರೆ ಬರುವುದುಂಟೇ?

ಲ್ಯಾಬಿನಕ್ಕ, ಸೋಮವಾರ 16:25

ಇದು ನನಗೆ ಹೊಳೆದೇ ಇರಲಿಲ್ಲ! ಆದರೆ ‘ಲ್ಯಾಬ್’ ಎಂದು ಹಾಕಿದರೂ ಕಷ್ಟ. ಜನಕ್ಕೆ ಲ್ಯಾಬ್ ಎಂದರೆ ರಕ್ತ, ಮೂತ್ರ ಕೊಡುವ ಜಾಗ. ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ ಪಾಪ.

ಹುಬ್ಬಳ್ಳಿಯಾಂವ, ಸೋಮವಾರ 21:15

ಅಕ್ಕಾರ, ಮಂದಿ ಏನಂತಾರ ಅದನ್ನ ಮೊದ್ಲ ಕೇಳ್ರಿ. ನಮ್ಮ ಕಡೆ ಯಾರೂ ಆಘಾತ ಅನ್ನೂದಿಲ್ಲ. ‘ಎದಿ ಧಸಕ್ ಅಂತು, ಅವತ್ತಿಂದ ಹಂಗ ಅದಾನ’ ಅಂತಾರ. ಮರಾಠಿಯೊಳಗ ‘ಧಸಕಾ ಘೇತಲಾ’ ಅಂದ್ರ ಬರೇ ಹೆದರಿದ ಅಂತ ಅಲ್ಲ, ಹೆದರಿಕಿ ಒಳಗ ಕುಂತು ಹೊರಗ ಬರವಲ್ದು ಅಂತ. ನಿಮ್ಮ ಲ್ಯಾಬಿನ ವಿಷಯ ಪೂರಾ ಆ ಒಂದ ಶಬ್ದದಾಗ ಐತಿ.

ಕಾಗುಣಿತ, ಸೋಮವಾರ 21:31

ಮರಾಠಿ ಬೋರ್ಡನ್ನು ಬೆಂಗಳೂರಲ್ಲಿ ಹಾಕಿಸಿ, ಸಂಜೆಗೆ ಮಸಿ ಬಳಿಯುತ್ತಾರೆ.

ಹುಬ್ಬಳ್ಳಿಯಾಂವ, ಸೋಮವಾರ 21:40

ನಿಮ್ಮ ‘ಬೋರ್ಡು’ ಯಾವ ಊರಿನ ಕನ್ನಡ ಸರ್?

ಮೇಷ್ಟ್ರು, ಮಂಗಳವಾರ 7:20

ಜಗಳ ಸಾಕು. ಕೈಗೆಟುಕುವಲ್ಲೇ ಇರುವ ಪದವನ್ನು ಎಲ್ಲರೂ ಮರೆತಿರಿ: ಘಾಸಿ. ‘ಮನಸ್ಸಿಗೆ ಘಾಸಿಯಾಗಿದೆ’ ಎಂದರೆ ಚಾಮರಾಜನಗರದಿಂದ ಬೀದರಿನವರೆಗೆ ಅರ್ಥವಾಗುತ್ತದೆ. ಯಾರೂ ಗಾಲಿಕುರ್ಚಿ ತಳ್ಳಿಕೊಂಡು ಬರುವುದಿಲ್ಲ. ಕುಮಾರವ್ಯಾಸನಲ್ಲಿ ಘಾಸಿಯಾಗದ ವೀರನಿಲ್ಲ. ಹೊಡೆತ ಎಂಬುದು ಒಂದು ಗಳಿಗೆಯ ಮಾತು, ಘಾಸಿ ಆಮೇಲೂ ಉಳಿದುಕೊಂಡದ್ದು. ಆಘಾತ ಹೊರಗಿನಿಂದ ಬಂದು ಬಡಿದದ್ದನ್ನು ಹೇಳುತ್ತದೆ, ಘಾಸಿ ಬಡಿಸಿಕೊಂಡವನ ಸ್ಥಿತಿಯನ್ನು. ನಿಮಗೆ ಬೇಕಾದದ್ದು ಎರಡನೆಯದು.

ತಪ್ಪು ಹೆಸರಿನಿಂದ ಆಗುವ ಅನಾಹುತಕ್ಕೆ ಹಳೆಯ ನಿದರ್ಶನವೂ ಇದೆ. ಮೊದಲ ಮಹಾಯುದ್ಧದಲ್ಲಿ ಕಂದಕಗಳಿಂದ ನಡುಗುತ್ತ ಬಂದ ಸೈನಿಕರ ಬಗ್ಗೆ ಬ್ರಿಟಿಷ್ ಸೇನೆಯ ವೈದ್ಯ ಚಾರ್ಲ್ಸ್ ಮೈಯರ್ಸ್ 1915ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಾಗ ‘ಶೆಲ್ ಶಾಕ್’ ಎಂಬ ಮಾತು ಅಚ್ಚಾಯಿತು. ಶೆಲ್ ಎಂದರೆ ಸಿಡಿಯುವ ಫಿರಂಗಿ ಗುಂಡು; ಅದರ ಹತ್ತಿರವೇ ಸುಳಿಯದವರಿಗೂ ಅದೇ ಲಕ್ಷಣ ಬಂದಿತ್ತು. ಕೊನೆಗೆ ಮೈಯರ್ಸ್‌ಗೇ ಆ ಪದ ಬೇಡವಾಯಿತು, 1917ರಲ್ಲಿ ಸೇನೆಯೇ ಅದನ್ನು ಬಳಸದಂತೆ ತಡೆಯಿತು. ಜನ ಬಿಡಲಿಲ್ಲ, ಅದು ಬೇರೆ ಮಾತು. ಈಗಿನ ಪಿಟಿಎಸ್‌ಡಿ (ಘಾಸಿಯ ನಂತರವೂ ಉಳಿಯುವ ಒತ್ತಡದ ಕಾಯಿಲೆ) ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಮಿನಿಂದ ಮರಳಿದವರ ಒತ್ತಾಯದ ಮೇಲೆ.

ಹಾಗಾಗಿ ‘ಮನೋಘಾಸಿ’ ಎಂದು ಬರೆಯಿರಿ.

ಕಾಗುಣಿತ, ಮಂಗಳವಾರ 7:34

ಮನೋಘಾಸಿ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದದ್ದು. ಮೇಷ್ಟ್ರ ಕೈಯಿಂದ ಇದನ್ನು ನಿರೀಕ್ಷಿಸಿರಲಿಲ್ಲ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗೆ ರಿಯಾಯಿತಿ ಕೊಟ್ಟಿದ್ದಾನೆ, ಬಾಗಿಲ ಫಲಕಕ್ಕಲ್ಲ.

ಮೇಷ್ಟ್ರು, ಮಂಗಳವಾರ 7:50

ಮಂಗಳಾರತಿಯೂ ಅರಿಸಮಾಸವೇ. ಯಾವ ದೇವರೂ ಬೇಡ ಎಂದಿಲ್ಲ.

ಅಚ್ಚಗನ್ನಡಿಗ, ಮಂಗಳವಾರ 8:15

ಪದ ಸರಿ, ಬರಹ ತಪ್ಪು. ಅದು ‘ಗಾಸಿ’. ಮಹಾಪ್ರಾಣ ಯಾರೋ ಪಂಡಿತರು ಸೇರಿಸಿದ ಬಾಲ.

ಕಾಗುಣಿತ, ಮಂಗಳವಾರ 8:17

ಶುರುವಾಯಿತು.

(ಇದರ ಮೇಲೆ ಬಂದ ಹದಿನೇಳು ಓಲೆಗಳು ಘ-ಗ ಜಗಳದವು. ಬೇರೆ ಎಳೆಗೆ ಸಾಗಿಸಿದ್ದೇನೆ. ಇಲ್ಲಿ ಮಹಾಪ್ರಾಣದ ಮಾತು ಬೇಡ. – ನಿರ್ವಾಹಕ)

ಲ್ಯಾಬಿನಕ್ಕ, ಬುಧವಾರ 12:30

ಮೇಷ್ಟ್ರೇ, ಘಾಸಿ ನಮ್ಮವರಿಗೆಲ್ಲ ಹಿಡಿಸಿತು. ನಮ್ಮ ಮುಖ್ಯಸ್ಥೆ ತಮಿಳರು, ಅವರಿಗೂ ಹೇಳಲು ಬಂತು. ಇನ್ನು ಜನರ ಪಟ್ಟಿ ಉಳಿದಿದೆ. ದಯವಿಟ್ಟು ಅದನ್ನು ಮುಗಿಸಿಕೊಡಿ.

ಯಾರು ಏನು ಮಾಡುತ್ತಾರೆ ಎಂದು ಹೇಳಿಬಿಡುತ್ತೇನೆ. ಪೋಸ್ಟ್‌ಡಾಕ್ ಹುಡುಗಿ ಸ್ಕ್ಯಾನಿನಿಂದ ಬಂದ ಅಂಕಿಗಳ ಜೊತೆ ರಾತ್ರಿಯೆಲ್ಲ ಕೂರುತ್ತಾಳೆ. ಎಂಆರ್‌ಐ ತಂತ್ರಜ್ಞರು ಒಬ್ಬರಿದ್ದಾರೆ, ಅವರ ಮಾತು ಮೀರಿ ಆಯಸ್ಕಾಂತದ ಕೋಣೆಗೆ ಹೇರ್‌ಪಿನ್ನೂ ಹೋಗುವುದಿಲ್ಲ. ನಾನು ಫೋನು ಮಾಡಿ ಕರೆಯುವವಳು, ಒಪ್ಪಿಗೆ ಪತ್ರ ಓದಿ ಹೇಳುವವಳು. ತಾಳಿ, ಕಾಲುಂಗುರ ಬಿಚ್ಚಿಡಿ ಎಂದು ಹೇಳಬೇಕಾದವಳೂ ನಾನೇ. ಮೊನ್ನೆ ಒಬ್ಬ ಅಜ್ಜಿ, ‘ಅವರು ಹೋದಾಗ್ಲೇ ಬಿಚ್ಚಿದ್ದು, ಇನ್ನೇನು ಬಿಚ್ಚಲಿ ಮಗಾ’ ಅಂದರು. ಅದಕ್ಕೆ ಯಾವ ಹುದ್ದೆಯ ಹೆಸರೂ ಸಾಲದು.

ಹೆಚ್ಚು ತಲೆಕೆಡಿಸಿರುವುದು ‘ವಿಷಯಗಳು’. ಅಧ್ಯಯನಕ್ಕೆ ಬರುವವರನ್ನು ಏನೆನ್ನಲಿ? ರೋಗಿ ಅಲ್ಲ, ಅವರಲ್ಲಿ ಅರ್ಧ ಜನಕ್ಕೆ ಕಾಯಿಲೆಯೇ ಇಲ್ಲ, ಹೋಲಿಕೆಗೆ ಬರುವವರು. ‘ಸಂತ್ರಸ್ತರು’ ಎಂದರೆ ಪರಿಹಾರದ ಚೆಕ್ಕಿಗೆ ಸಾಲು ನಿಂತ ಹಾಗೆ ಕೇಳಿಸುತ್ತದೆ.

ಮೇಷ್ಟ್ರು, ಬುಧವಾರ 13:15

‘ಭಾಗಿಗಳು’ ಎನ್ನಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2000ದ ಮಾರ್ಗಸೂಚಿಯ ಇಂಗ್ಲಿಷ್ ಶೀರ್ಷಿಕೆಯಲ್ಲಿ ‘ಸಬ್ಜೆಕ್ಟ್ಸ್’ ಎಂದಿತ್ತು. 2006ರಲ್ಲಿ ಅದನ್ನು ತೆಗೆದು ‘ಪಾರ್ಟಿಸಿಪೆಂಟ್ಸ್’ ಮಾಡಿದರು, 2017ರದರಲ್ಲೂ ಹಾಗೇ ಇದೆ. ಮಂಡಳಿಯೇ ಬಿಟ್ಟದ್ದನ್ನು ನಿಮ್ಮ ಕಂಪ್ಯೂಟರು ಇನ್ನೂ ಹಿಡಿದುಕೊಂಡಿದೆ.

ಮುಖ್ಯಸ್ಥೆಗೆ ‘ಮುಖ್ಯ ಸಂಶೋಧಕರು’. ರು ಇದ್ದರೆ ಹೆಣ್ಣು ಗಂಡು ಜಗಳವಿಲ್ಲ. ಪೋಸ್ಟ್‌ಡಾಕ್ ‘ಡಾಕ್ಟರೇಟೋತ್ತರ ಸಂಶೋಧಕರು’, ಬಾಯಿ ತುಂಬ ಇದೆ, ಆ ಮಗುವಿಗೆ ಸಮಾಧಾನವಾದರೂ ಆಗಲಿ. ನೀವು ‘ಸಂಯೋಜಕರು’.

ಪುತ್ತೂರಿನಿಂದ, ಬುಧವಾರ 13:40

ಡಾಕ್ಟರೇಟು ಇಂಗ್ಲಿಷು, ಉತ್ತರ ಸಂಸ್ಕೃತ, ನಡುವೆ ಗುಣಸಂಧಿ. ಕಾಗುಣಿತರು ಊಟಕ್ಕೆ ಹೋಗಿರಬೇಕು, ಬೇಗ ಅಚ್ಚು ಹಾಕಿಸಿ.

ಕಾಗುಣಿತ, ಬುಧವಾರ 13:58

ಊಟಕ್ಕೆ ಹೋಗಿಲ್ಲ. ಮಾತಾಡಿ ಪ್ರಯೋಜನವಿಲ್ಲವೆಂದು ಸುಮ್ಮನಿದ್ದೇನೆ.

ಅಂದ ಹಾಗೆ, ರಾಜ್ಯದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿಯಂತೆ ಹೊರಗಿನ ಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇಂಗ್ಲಿಷ್ ಕೆಳಗೆ. ಬೋರ್ಡಿನವರಿಗೆ ಹೇಳಿ, ಆಮೇಲೆ ಎರಡೆರಡು ಖರ್ಚು.

ಲ್ಯಾಬಿನಕ್ಕ, ಗುರುವಾರ 9:05

ಅಚ್ಚಿಗೆ ಹೋಯಿತು. ಮೇಲೆ ದೊಡ್ಡದಾಗಿ ‘ಮನಸ್ಸಿನ ಘಾಸಿ ಮತ್ತು ಮಿದುಳು ಅಧ್ಯಯನ ಕೇಂದ್ರ’. ಸಮಾಸ ಬಿಡಿಸಿ ಬರೆಸಿದ್ದೇನೆ, ಕಾಗುಣಿತ ಸರ್‌ಗೋಸ್ಕರ. ಪ್ರಯೋಗವೂ ಇಲ್ಲ, ಲ್ಯಾಬೂ ಇಲ್ಲ, ನರವೂ ಇಲ್ಲ. ಟ್ರಾಮಾ ಎಂಬ ಗ್ರೀಕ್ ಪದವನ್ನು ಕೆಳಗಿನ ಇಂಗ್ಲಿಷ್ ಸಾಲಿಗೆ ಇಳಿಸಿದ್ದೇವೆ. ಹುಬ್ಬಳ್ಳಿಯ ಅಣ್ಣಾವ್ರೇ, ನಿಮ್ಮ ‘ಎದಿ ಧಸಕ್ ಅಂತು’ ಒಪ್ಪಿಗೆ ಪತ್ರದಲ್ಲಿ ಕೇಳುವ ಪ್ರಶ್ನೆಯೊಳಗೆ ಸೇರಿತು, ಆ ಕಡೆಯಿಂದ ಬರುವವರಿಗೆ ಹಾಗೇ ಕೇಳುತ್ತೇನೆ. ಎಲ್ಲರಿಗೂ ಧನ್ಯವಾದ.

ಅಚ್ಚಗನ್ನಡಿಗ, ಗುರುವಾರ 9:11

‘ಕೇಂದ್ರ’ ಕೂಡ ಗ್ರೀಕಿನದೇ. ಕೆಂಟ್ರಾನ್. ಜ್ಯೋತಿಷದವರ ಜೊತೆ ಬಂದದ್ದು.

ಲ್ಯಾಬಿನಕ್ಕ, ಗುರುವಾರ 9:12

ಬೋರ್ಡಿನವರ ಫೋನು ಎಂಗೇಜ್ ಬರುತ್ತಿದೆ. ಹಾಗೇ ಇರಲಿ ಬಿಡಿ.